ಮನೆಯಲ್ಲೇ ಮಗುವಿಗೆ ಭಾಷೆ ಕಲಿಸಲು: ತೀಡುವ ಅಕ್ಷರವೋ, ಮರಳಿ ಹೇಳುವ ಕಥೆಯೋ?

1907ರಲ್ಲಿ ರೋಮ್ ನಗರದಲ್ಲಿ ಮೊದಲ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸ್ಸರಿಯವರ ಪದ್ಧತಿಯಲ್ಲಿ ಮಗುವು ಮರಳು ಕಾಗದದ ಅಕ್ಷರಗಳನ್ನು ಬೆರಳಿನಿಂದ ತೀಡುತ್ತ ಅವುಗಳ ಧ್ವನಿಯನ್ನು ಉಚ್ಚರಿಸುತ್ತದೆ. ಓದಿಗಿಂತ ಮೊದಲೇ ಬರವಣಿಗೆ ಅರಳುತ್ತದೆ. ಇದಕ್ಕೆ ಸಲಕರಣೆಗಳು ಬೇಕು.

ಬ್ರಿಟಿಷ್ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ ಅವರ ಮರುಕಥನ ಪದ್ಧತಿಗೆ ಬೇಕಾದದ್ದು ಒಳ್ಳೆಯ ಪುಸ್ತಕ ಮತ್ತು ತಾಳ್ಮೆಯ ಕಿವಿ: ಒಂದೇ ಸಲ ಓದಿ ಹೇಳಿದ ಭಾಗವನ್ನು ಮಗು ತನ್ನದೇ ಮಾತಿನಲ್ಲಿ ಹೇಳಬೇಕು, ದೊಡ್ಡವರು ನಡುವೆ ಬಾಯಿ ಹಾಕಿ ತಿದ್ದಬಾರದು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವ ಪದದಿಂದ ಆರಂಭಿಸಬೇಕು ಎಂಬುದನ್ನು ಮಗುವೇ ನಿರ್ಧರಿಸುವುದರಿಂದ, ಕಲ್ಪನೆಗೂ ಕುತೂಹಲಕ್ಕೂ ಇದೇ ಹೆಚ್ಚು ಎಡೆಗೊಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ 6 ವರ್ಷ ತುಂಬುವ ಮೊದಲು ಮರುಕಥನವನ್ನು ಒತ್ತಾಯಿಸಬಾರದೆಂದು ಮೇಸನ್ ಅವರೇ ಹೇಳಿದ್ದರು. ಆದ್ದರಿಂದ ಕೈ ಸುಮ್ಮನಿರದ ಪುಟ್ಟ ಮಗುವಿಗೆ ಮೊದಲನೆಯದನ್ನೂ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಎರಡನೆಯದನ್ನೂ ಆಯ್ದುಕೊಳ್ಳುವುದು ಸೂಕ್ತ.