ಹಳೆಯ ನೋಟಿಸ್ ಮುಗಿಸಿಕೊಡುತ್ತೇನೆಂದು ಬಂದವನಿಗೆ ನಾನೇ ಓಟಿಪಿ ಓದಿ ಹೇಳಿದೆ

ಜಿಎಸ್‌ಟಿ ನೋಂದಣಿ ಮಾಡಿಸಿಕೊಡುತ್ತೇನೆ, ಇಲಾಖೆಯ ನೋಟಿಸನ್ನು ಮುಗಿಸಿಕೊಡುತ್ತೇನೆ ಎಂದು ಅಂಗಡಿಗೇ ಬಂದು ಕೂರುವವರಿಗೆ ದಯವಿಟ್ಟು ಆಧಾರ್ ಸಂಖ್ಯೆಯನ್ನೂ ಓಟಿಪಿಯನ್ನೂ ಕೊಡಬೇಡಿ. ನಾನು ಕೊಟ್ಟೆ. ಬಿ.ಕಾಂ. ಓದಿ, ಇಪ್ಪತ್ತೆರಡು ವರ್ಷದಿಂದ ದಿನಸಿ ಅಂಗಡಿ ನಡೆಸುತ್ತಿರುವವನು, ಸಗಟು ಅಂಗಡಿಯಿಂದ ಬಂದ ಮೂಟೆಯಲ್ಲಿ ಕಾಲು ಕೆಜಿ ಕಡಿಮೆಯಿದ್ದರೂ ವಾಪಸ್ ಕಳಿಸುವವನು ಕೊಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಅದೇ ಮನುಷ್ಯ ಇಂದಿಗೂ ನಮ್ಮ ಬೀದಿಯಲ್ಲಿ ಚೀಲ ಹಿಡಿದು ಓಡಾಡುತ್ತಿರುವುದರಿಂದ ಬರೆಯದೆ ಇರಲಾರೆ.

2025ರ ಜುಲೈ ತಿಂಗಳು ಹೇಗಿತ್ತೆಂದು ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕವನ್ನು ಮುಂದಿಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಬೇಕರಿ, ತರಕಾರಿ, ಹಾಲಿನ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು 'ನಗದು ಮಾತ್ರ' ಎಂದು ಬರೆದು ಅಂಟಿಸಿದ್ದರು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನನಗೆ ಬಂದ ಕಾಗದದಲ್ಲಿ ಒಂದು ವರ್ಷದ ಲೆಕ್ಕ 47 ಲಕ್ಷ ಎಂದಿತ್ತು. ಅದರಲ್ಲಿ ತೆರಿಗೆಯೇ ಇಲ್ಲದ ಹಾಲು ಸೇರಿತ್ತು, ನನ್ನ ತಮ್ಮನು ಮಗನ ಹಾಸ್ಟೆಲ್ ಶುಲ್ಕಕ್ಕೆಂದು ಕಳಿಸಿದ ಹಣ ಸೇರಿತ್ತು, ನನ್ನ ಹೆಂಡತಿ ನಡೆಸುವ ಚೀಟಿಯ ಹಣವೂ ಸೇರಿತ್ತು. ಖಾತೆಗೆ ಬಿದ್ದ ರೂಪಾಯಿಯೆಲ್ಲ ವ್ಯಾಪಾರವೆಂದು ಬರೆದವರ ಮನೆಯಲ್ಲಿ ಯಾರೂ ಯಾರಿಗೂ ಹಣ ಕಳಿಸುವುದಿಲ್ಲವೋ ಏನೋ.

ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆದು ಮಾತನಾಡಿ, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ಮರುದಿನದ ಪತ್ರಿಕೆಯಲ್ಲಿ ಅದನ್ನು ನಾನೇ ಓದಿದ್ದೆ. ಓದಿದ್ದೆ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಅದಾದ ಎರಡು ದಿನಕ್ಕೆ ಆ ಮನುಷ್ಯ ಬಂದಾಗ ನನ್ನ ಕೈಯಲ್ಲಿ ಆ ಸುದ್ದಿ ಇತ್ತು, ಅದನ್ನು ಅವನಿಗೆ ತೋರಿಸಿಯೂ ಇದ್ದೆ. ಅವನು ಪತ್ರಿಕೆಯನ್ನು ಮಡಚಿ ತಕ್ಕಡಿಯ ಪಕ್ಕದಲ್ಲಿಟ್ಟು, "ಪೇಪರ್‌ನಲ್ಲಿ ಬರೋದು ಬೇರೆ ಸಾರ್, ಫೈಲ್‌ನಲ್ಲಿ ಇರೋದು ಬೇರೆ. ನಿಮ್ಮ ಹೆಸರು ಫೈಲ್‌ನಿಂದ ಹೋಗಬೇಕಲ್ಲ," ಎಂದ. ಒಂದೇ ಮಾತು. ಅಷ್ಟಕ್ಕೇ ನಾನು ಬಿದ್ದುಹೋದೆ.

ಹದಿನೆಂಟು ಸಾವಿರ ಕೇಳಿದ. ಫೋನಿನಲ್ಲಿ ಕಳಿಸುತ್ತೇನೆ ಎಂದಾಗ ನಕ್ಕು, "ಯುಪಿಐ ಮಾಡಿಯೇ ಅಲ್ವಾ ಸಾರ್ ನಿಮಗೆ ಈ ಗತಿ ಬಂದಿದ್ದು, ಕ್ಯಾಶ್ ಕೊಡಿ," ಎಂದ. ನಾನೂ ಅವನ ಜೊತೆ ನಕ್ಕೆ. ಗಲ್ಲಾಪೆಟ್ಟಿಗೆಯಿಂದ ಎಣಿಸಿ ಕೊಟ್ಟೆ. ರಸೀದಿ ಇಲ್ಲ. ನನ್ನ ಬಳಿ ಇಂದು ಪೊಲೀಸರಿಗೆ ತೋರಿಸಲು ಒಂದು ಚೂರು ಕಾಗದವೂ ಇಲ್ಲದಿರುವುದಕ್ಕೆ ಆ ನಗೆಯೇ ಕಾರಣ.

ಆಗಸ್ಟ್ ಮೊದಲ ವಾರದ ಒಂದು ಸಂಜೆ, ಅಂಗಡಿಯಲ್ಲಿ ಜನ ತುಂಬಿದ್ದಾಗ ಫೋನ್ ಮಾಡಿದ. ನಾನು ಸಕ್ಕರೆ ತೂಗುತ್ತಿದ್ದೆ. "ಒಂದು ನಂಬರ್ ಬಂದಿರುತ್ತೆ, ಬೇಗ ಹೇಳಿ ಸಾರ್, ಟೈಮ್ ಮುಗಿಯುತ್ತೆ," ಎಂದ. ಫೋನನ್ನು ಭುಜಕ್ಕೆ ಒತ್ತಿಕೊಂಡು ಆರು ಅಂಕಿಗಳನ್ನು ಓದಿ ಹೇಳಿದೆ. ಅದು ಆಧಾರ್ ಓಟಿಪಿ. ಮೂರ್ನಾಲ್ಕು ದಿನಕ್ಕೆ ನೋಂದಣಿ ಪತ್ರ ವಾಟ್ಸಾಪಿಗೆ ಬಂತು, ನಾನು ಅದಕ್ಕೆ ಚೌಕಟ್ಟು ಹಾಕಿಸಿ ಲಕ್ಷ್ಮಿಯ ಫೋಟೋ ಪಕ್ಕದಲ್ಲಿ ತೂಗುಹಾಕಿದೆ. ರಿಟರ್ನ್, ಅಂದರೆ ಇಲಾಖೆಗೆ ಕೊಡುವ ವ್ಯಾಪಾರದ ಲೆಕ್ಕ, ಸಲ್ಲಿಸಲೆಂದು ತಿಂಗಳಿಗೆ ಐನೂರು ಬೇರೆ ಕೊಡುತ್ತಾ ಬಂದೆ.

ಮೋಸ ಗೊತ್ತಾದದ್ದು ಮಾರ್ಚ್ ಎರಡನೆಯ ವಾರ, ಸಗಟು ಅಂಗಡಿಯಲ್ಲಿ, ನನ್ನ ಹಿಂದೆ ನಾಲ್ಕು ಜನ ಪರಿಚಯದವರು ನಿಂತಿದ್ದಾಗ. ಬಿಲ್ ಹಾಕುವ ಹುಡುಗ ಕಂಪ್ಯೂಟರ್ ನೋಡಿ, "ಅಣ್ಣ, ನಿಮ್ಮ ಜಿಎಸ್‌ಟಿ ನಂಬರ್ ಸಸ್ಪೆಂಡ್ ಅಂತ ತೋರಿಸ್ತಿದೆ," ಎಂದ. ತಪ್ಪು ಒತ್ತಿರಬೇಕು, ಇನ್ನೊಮ್ಮೆ ನೋಡು ಎಂದೆ. ಇನ್ನೊಮ್ಮೆ ನೋಡಿದ. ಆಮೇಲೆ ಪರದೆಯನ್ನೇ ನನ್ನ ಕಡೆಗೆ ತಿರುಗಿಸಿದ. ನನ್ನ ಹೆಸರು, ನನ್ನ ಅಂಗಡಿಯ ಹೆಸರು, ಅದರ ಕೆಳಗೆ ಆ ಪದ. ಹಿಂದೆ ನಿಂತವರು ಏನೂ ಅನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತು.

ಲೆಕ್ಕಪತ್ರ ನೋಡುವ ಪರಿಚಯದ ಹೆಣ್ಣುಮಗಳೊಬ್ಬರು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಬಿಡಿಸಿಟ್ಟರು. ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗೆ ರಾಜಿ ತೆರಿಗೆ, ಅಂದರೆ ನಾವೆಲ್ಲ ಕಾಂಪೋಸಿಷನ್ ಎನ್ನುವುದು, ಶೇ 1 ಕಟ್ಟಿ ಮೂರು ತಿಂಗಳಿಗೊಮ್ಮೆ ಲೆಕ್ಕವನ್ನೂ ವರ್ಷಕ್ಕೊಂದು ರಿಟರ್ನನ್ನೂ ಕೊಟ್ಟರೆ ಸಾಕು. ನನ್ನ ಅರ್ಜಿಯಲ್ಲಿ ಆ ಪ್ರಶ್ನೆಗೆ 'ಬೇಡ' ಎಂದು ಗುರುತು ಹಾಕಲಾಗಿತ್ತು. ಮೊಬೈಲ್, ಇಮೇಲ್ ಎರಡೂ ಅವನವು. ಒಂದೇ ಒಂದು ರಿಟರ್ನ್ ಸಲ್ಲಿಕೆಯಾಗಿರಲಿಲ್ಲ, ತಡವಾದ ಶುಲ್ಕ ಬೆಳೆಯುತ್ತಿತ್ತು, ನೋಂದಣಿ ರದ್ದತಿಯ ನೋಟಿಸ್ ಅವನ ಇಮೇಲಿಗೆ ಹೋಗಿ ಕೂತಿತ್ತು. ಹಳೆಯ ನೋಟಿಸಿಗೆ ಅವನು ಉತ್ತರವನ್ನೇ ಕೊಟ್ಟಿರಲಿಲ್ಲ. ಮತ್ತೊಂದು ಮಾತು: ನೋಂದಣಿಗೆ ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕ ಸೊನ್ನೆ. ಸೊನ್ನೆ!

ಫೋನ್ ಮಾಡಿದರೆ ಮೊದಲ ದಿನ "ಸರ್ವರ್ ಡೌನ್ ಸಾರ್" ಎಂದ. ಮರುದಿನ "ನಮ್ಮ ಹುಡುಗ ಊರಿಗೆ ಹೋಗಿದ್ದಾನೆ" ಎಂದ. ಮೂರನೆಯ ದಿನ ನಾನು ಧ್ವನಿ ಏರಿಸಿದಾಗ, "ಓಟಿಪಿ ನೀವೇ ಹೇಳಿದ್ದಲ್ವಾ? ನಿಮ್ಮ ಒಪ್ಪಿಗೆ ಇಲ್ದೆ ನಾನೇನ್ ಮಾಡ್ದೆ?" ಎಂದು ಕೇಳಿದ. ಈ ಪ್ರಶ್ನೆಗೆ ಇಂದಿಗೂ ನನ್ನ ಬಳಿ ಉತ್ತರವಿಲ್ಲ, ಅದಕ್ಕೇ ಇಷ್ಟು ಸಿಟ್ಟು.

ಇನ್ನು ಕಚೇರಿಯ ಕಥೆ. ಇಮೇಲ್ ಮತ್ತು ಮೊಬೈಲ್ ಬದಲಿಸಲು ನಮ್ಮ ವ್ಯಾಪ್ತಿಯ ಅಧಿಕಾರಿಯ ಬಳಿ ದಾಖಲೆ ಕೊಡಬೇಕಿತ್ತು; ರಾಜಿ ತೆರಿಗೆಗೆ ಬದಲಾಗಲು ಮಾರ್ಚ್ 31ರೊಳಗೆ ಆಯ್ಕೆ ಸಲ್ಲಿಸಬೇಕಿತ್ತು, ಇಲ್ಲವಾದರೆ ಇನ್ನೊಂದು ಇಡೀ ವರ್ಷ ಕಾಯಬೇಕು. ಈ ಎರಡನ್ನೂ ಅರ್ಜಿಯಲ್ಲಿ ಬರೆದು, ದಿನಾಂಕದ ಕೆಳಗೆ ಗೆರೆ ಎಳೆದು, ಮಾರ್ಚ್ 17ರಂದೇ ಕೊಟ್ಟೆ. "ಪೋರ್ಟಲ್‌ನಲ್ಲಿ ಏನಿದೆಯೋ ಅದೇ ನಮಗೆ ದಾಖಲೆ," ಎಂದರು. ಎರಡನೆಯ ಸಲ ಹೋದಾಗ "ಇಯರ್ ಎಂಡ್, ಟಾರ್ಗೆಟ್ ಇದೆ, ಆಮೇಲೆ ಬನ್ನಿ" ಎಂದರು. ಮೂರನೆಯ ಸಲ ಸಾಹೇಬರು ಸಭೆಯಲ್ಲಿದ್ದರು. 2017ರ ಜುಲೈ 1ರಂದು ಈ ಜಿಎಸ್‌ಟಿ ಪದ್ಧತಿ ಬಂದಾಗ ಎಲ್ಲ ಸರಳವಾಗುತ್ತದೆ, ಕಚೇರಿಗೆ ಅಲೆಯುವುದು ತಪ್ಪುತ್ತದೆ ಎಂದು ನಮಗೆ ಹೇಳಿದ್ದರು. ನನ್ನ ಯುಪಿಐ ಲೆಕ್ಕವನ್ನು ನಾಲ್ಕು ವರ್ಷ ಹಿಂದಿನಿಂದ ಜಾಲಾಡಿ ತೆಗೆಯಬಲ್ಲ ಇಲಾಖೆಗೆ, ಎದುರಿಗೆ ಆಧಾರ್ ಹಿಡಿದು ನಿಂತವನ ಇಮೇಲ್ ಬದಲಿಸಲು ಹದಿನಾರು ದಿನ ಬೇಕಾಯಿತು. ದಳ್ಳಾಳಿಗಳು ಹುಟ್ಟುವುದು ಈ ಹದಿನಾರು ದಿನಗಳಲ್ಲಿಯೇ ಎಂದು ನನ್ನ ಅನಿಸಿಕೆ.

ನೋಂದಣಿ ಮಾಡಿಸುವವರು ಪರದೆಯ ಎದುರು ತಾವೇ ಕೂತು, ಮೊಬೈಲ್ ಮತ್ತು ಇಮೇಲ್ ತಮ್ಮದೇ ಹಾಕಿದ್ದಾರೆಯೇ, ಕಾಂಪೋಸಿಷನ್ ಪ್ರಶ್ನೆಗೆ ಏನು ಗುರುತು ಹಾಕಿದ್ದಾರೆ ಎಂದು ಕಣ್ಣಾರೆ ನೋಡಿ. ಹಣವನ್ನು ಯುಪಿಐನಲ್ಲೇ ಕೊಡಿ. ಬೇಡ ಎನ್ನುವವನನ್ನು ಅಂಗಡಿಯ ಮೆಟ್ಟಿಲು ಹತ್ತಿಸಬೇಡಿ. ಜಿಎಸ್‌ಟಿ ಪೋರ್ಟಲಿನಲ್ಲಿ ನಿಮ್ಮ ಸಂಖ್ಯೆ ಹಾಕಿದರೆ ನೋಂದಣಿ ಜೀವಂತವಾಗಿದೆಯೇ ಎಂದು ಲಾಗಿನ್ ಇಲ್ಲದೆಯೇ ಕಾಣುತ್ತದೆ. ನಾನು ಏಳು ತಿಂಗಳು ನೋಡಲಿಲ್ಲ, ಚೌಕಟ್ಟು ಹಾಕಿಸಿದ ಪತ್ರಕ್ಕೆ ಊದುಬತ್ತಿ ಬೆಳಗಿಕೊಂಡಿದ್ದೆ.

ಹೊಸ ಪಾಸ್‌ವರ್ಡ್ ನನ್ನ ಇಮೇಲಿಗೆ ಬಂದದ್ದು ಏಪ್ರಿಲ್ 2ರಂದು.