ಜಯನಗರದ ಹಳೇ ಮನೆಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಬೆಂಗಳೂರಿನ ಜಯನಗರ, ರಾಜಾಜಿನಗರ ಕಡೆ ಹಳೇ ಮನೆ ನೋಡುತ್ತಿದ್ದೀರಾ? ಬ್ರೋಕರ್ "ಸಿಐಟಿಬಿ ಸೈಟ್ ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ" ಎಂದ ತಕ್ಷಣ ಚೆಕ್ ಬರೆಯಬೇಡಿ. ನಮ್ಮ ಹತ್ತು ಲಕ್ಷ ಹಾಗೇ ಸಿಕ್ಕಿಹಾಕಿಕೊಂಡಿದೆ.

ಜಯನಗರ 1948ರಲ್ಲಿ ಶುರುವಾದ ಬಡಾವಣೆ. ಸೈಟು ಹಂಚಿದ್ದು ಆಗಿನ ಸಿಐಟಿಬಿ, ಅಂದರೆ ಸರ್ಕಾರದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್. 1976ರಲ್ಲಿ ಅದರ ಜಾಗಕ್ಕೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಂತು. ಹಾಗಾಗಿ ಇಲ್ಲಿ ರೆವಿನ್ಯೂ ಸೈಟಿನ, ಅಂದರೆ ಅನುಮತಿ ಇಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ ಸೈಟಿನ ಗೋಳು ಕಮ್ಮಿ. ಗೋಳು ಇರುವುದು ಮನೆಯೊಳಗೆ. ಸೈಟು ಪಡೆದ ಹಿರಿಯರು ತೀರಿಕೊಂಡಿದ್ದಾರೆ. ಮಕ್ಕಳು ಒಬ್ಬರು ಇಲ್ಲಿ, ಒಬ್ಬರು ಅಮೆರಿಕದಲ್ಲಿ. ಬೀಗದ ಕೈ ಯಾರ ಹತ್ತಿರ ಇದೆಯೋ ಅವರೇ ಓನರ್ ಅಂತ ಮುಂದೆ ಬರುತ್ತಾರೆ.

ನಮಗೆ ಸಿಕ್ಕವರೂ ಅಂಥವರೇ. ಟಿ ಬ್ಲಾಕ್ ಕಡೆ ಮೂವತ್ತು-ನಲವತ್ತರ ಸೈಟು, ರೆಡ್ ಆಕ್ಸೈಡ್ ನೆಲದ ಮನೆ. ಖಾತೆ ಅವರೊಬ್ಬರ ಹೆಸರಿನಲ್ಲೇ ಇತ್ತು, ಅದರ ಆನ್‌ಲೈನ್ ರೂಪ ಇ-ಖಾತಾನೂ ಆಗಿತ್ತು. ಇಸಿ (ಋಣಭಾರ ಪ್ರಮಾಣಪತ್ರ) ಕ್ಲೀನ್. ತಂದೆಯ ಹೆಸರಿನ ಒರಿಜಿನಲ್ ಕ್ರಯಪತ್ರ ತೋರಿಸಿದರು. ಲಾಯರ್ ವಂಶವೃಕ್ಷ ಕೇಳಿದಾಗ ನೋಟರಿ ಮಾಡಿಸಿದ ಅಫಿಡವಿಟ್ ಬಂತು. ತಂದೆ ಇಲ್ಲ, ತಾಯಿ ಇಲ್ಲ, ಒಬ್ಬನೇ ಮಗ. "ಸರ್ಕಾರಿ ಕಚೇರಿಯಿಂದ ವಂಶವೃಕ್ಷ ಬರೋದು ಲೇಟಾಗತ್ತೆ ಸಾರ್, ರಿಜಿಸ್ಟ್ರೇಷನ್ ಹೊತ್ತಿಗೆ ಕೊಡ್ತೀನಿ" ಎಂದರು. ಇನ್ನೊಂದು ಪಾರ್ಟಿ ಕಾಯ್ತಿದೆ ಅಂತ ಬ್ರೋಕರ್ ದಿನಾ ಫೋನು. ಅಗ್ರಿಮೆಂಟ್ ಆಯಿತು, ದುಡ್ಡು ಹೋಯಿತು.

ಆಮೇಲೆ ಒಂದು ಭಾನುವಾರ ಇಂಜಿನಿಯರ್ ಕರೆದುಕೊಂಡು ಅಳತೆಗೆ ಹೋದೆ. ಟೇಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಆಚೆಯಿಂದ ಕೇಳಿದರು: "ನೀವೇನಪ್ಪಾ ತಗೊಂಡೋರು? ಅಂತೂ ಅವನ ಅಕ್ಕ ಸೈನ್ ಹಾಕಿದ್ಲಾ?"

"ಯಾವ ಅಕ್ಕ ಅಜ್ಜಿ?"

"ಅಯ್ಯೋ, ಯಾವ ಅಕ್ಕ ಅಂದ್ರೆ? ಇದೇ ಮನೇಲಿ ಹುಟ್ಟಿ ಬೆಳೆದೋಳು ಕಣಪ್ಪಾ. ಕೋರ್ಟಿಗೆ ಹೋಗಿದಾಳೆ ಅಂತಿದ್ರು, ರಾಜಿ ಆಯ್ತೇನೋ ಅಂದ್ಕೊಂಡೆ."

ಇಂಜಿನಿಯರ್ ನನ್ನ ಮುಖ ನೋಡಿದರು. ನಾನು ಟೇಪ್ ಹಿಡಿದುಕೊಂಡೇ ನಿಂತಿದ್ದೆ. ಅಫಿಡವಿಟ್‌ನಲ್ಲಿ ಹುಟ್ಟೇ ಇಲ್ಲದ ಅಕ್ಕ! ಬೀದಿಗೆಲ್ಲ ಗೊತ್ತು, ಕೊಳ್ಳುವ ನಮಗೆ ಮಾತ್ರ ಗೊತ್ತಿಲ್ಲ. ಅವತ್ತಿನ ಅವಮಾನ ಇವತ್ತಿಗೂ ಇಳಿದಿಲ್ಲ.

ಸಂಜೆ ಮನೆ ಮಾರುವವರಿಗೆ ಫೋನ್ ಮಾಡಿದೆ. ಸ್ವಲ್ಪವೂ ಗಾಬರಿ ಇಲ್ಲ. "ಅದು ನಮ್ಮ ಫ್ಯಾಮಿಲಿ ಮ್ಯಾಟರ್ ಸಾರ್." ಫ್ಯಾಮಿಲಿ ಮ್ಯಾಟರ್ ಅಂತೆ! "ಅಕ್ಕನಿಗೆ ಮದುವೇಲೇ ಎಲ್ಲಾ ಕೊಟ್ಟಾಗಿದೆ." ಕೇಸು ಇರೋದು ಯಾಕೆ ಹೇಳಲಿಲ್ಲ ಎಂದರೆ, "ನೀವು ಕೇಳ್ಲಿಲ್ವಲ್ಲ." ಬ್ರೋಕರ್ ಇನ್ನೂ ಒಂದು ಹೆಜ್ಜೆ ಮುಂದೆ. "ಹಳೇ ಮನೆ ಅಂದ್ಮೇಲೆ ಇದೆಲ್ಲ ಇದ್ದದ್ದೇ ಸಾರ್. ಆ ಅಮ್ಮನಿಗೆ ನೀವೇ ಒಂದಿಷ್ಟು ಕೊಟ್ಟು ಸೈನ್ ಹಾಕಿಸ್ಕೊಳ್ಳಿ." ಅಂದರೆ ಮನೆಗೂ ನಾನೇ ಕೊಡಬೇಕು, ಅವರ ಜಗಳಕ್ಕೂ ನಾನೇ ಕೊಡಬೇಕು!

ಇದರಲ್ಲಿ ಕಾನೂನಿನ ಗೊಂದಲವೂ ಇಲ್ಲ. ತಂದೆ ಸ್ವಂತ ದುಡ್ಡಿನಲ್ಲಿ ಮಾಡಿದ ಆಸ್ತಿ, ವಿಲ್ ಬರೆಯದೆ ತೀರಿಕೊಂಡರೆ ಮಗಳಿಗೂ ಮಗನಷ್ಟೇ ಪಾಲು. ಇದು 2005ರ ತಿದ್ದುಪಡಿಯಿಂದ ಬಂದದ್ದಲ್ಲ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಮದುವೆಗೆ ಎಷ್ಟು ಖರ್ಚು ಮಾಡಿದರು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಖಾತೆ ಒಬ್ಬರ ಹೆಸರಿಗೆ ಆದ ಮಾತ್ರಕ್ಕೆ ಅವರೊಬ್ಬರೇ ಮಾಲೀಕರೂ ಅಲ್ಲ, ಅದು ತೆರಿಗೆ ಕಟ್ಟುವ ದಾಖಲೆ ಅಷ್ಟೇ. ಇಸಿಯಲ್ಲಿ ಬರುವುದು ರಿಜಿಸ್ಟರ್ ಆದ ವ್ಯವಹಾರ. ಅಕ್ಕ ಪಾಲು ಕೇಳಿ ಹಾಕಿದ ದಾವೆ ಅದರಲ್ಲಿ ಕಾಣಲೇ ಇಲ್ಲ. ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಮಾರುವವರ ಹೆಸರು ಹಾಕಿ ಹುಡುಕಿದರೆ ಸಿಕ್ಕಿತು, ನಮ್ಮ ಅಗ್ರಿಮೆಂಟಿಗಿಂತ ಹಿಂದಿನದು! ಅಂದರೆ ಎಲ್ಲಾ ಗೊತ್ತಿದ್ದೇ ಸೈನ್ ಹಾಕಿದ್ದಾರೆ. ದಾವೆ ನಡೆಯುವಾಗ ಕೊಂಡರೆ ಅದರ ತೀರ್ಪು ಕೊಂಡವರ ತಲೆಗೂ ಬರುತ್ತದೆ.

ದುಡ್ಡು ವಾಪಸ್ ಕೇಳಿದರೆ ಈಗ ಹೊಸ ರಾಗ. "ಹಿಂದೆ ಸರಿದವರು ನೀವು, ಅಗ್ರಿಮೆಂಟ್ ಪ್ರಕಾರ ಅಡ್ವಾನ್ಸ್ ಮುಟ್ಟುಗೋಲು." ಲಾಯರ್ ನೋಟಿಸ್ ಹೋದ ಮೇಲೆ, "ಬೇರೆ ಪಾರ್ಟಿ ಸಿಗಲಿ, ಕೊಡ್ತೀನಿ." ಅಂದರೆ ಇನ್ನೊಬ್ಬರಿಗೆ ಟೋಪಿ ಹಾಕಿ ನನಗೆ ಕೊಡುತ್ತಾರಂತೆ.

ನೀವು ಹೋದರೆ ನೋಟರಿ ವಂಶವೃಕ್ಷ ತಗೊಳ್ಳಲೇಬೇಡಿ. ಈ ಮನೆ ಕೊಳ್ಳುತ್ತಿದ್ದೇವೆ, ತಕರಾರಿದ್ದರೆ ಹೇಳಿ ಅಂತ ಪೇಪರಿನಲ್ಲಿ ಲಾಯರ್ ಕಡೆಯಿಂದ ಪ್ರಕಟಣೆ ಕೊಡಿಸಿ. ಮಕ್ಕಳು ಎಲ್ಲೇ ಇರಲಿ, ಎಲ್ಲರ ಸೈನ್ ಆಗದೆ ಒಂದು ರೂಪಾಯಿನೂ ಬೇಡ. ಇದಕ್ಕೆಲ್ಲ ಮುಂಚೆ ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಿ. ಫೀಸು ತಗೊಂಡ ಲಾಯರ್‌ಗೆ ಸಿಗದ ವಿಷಯ ಆ ಅಜ್ಜಿ ಪುಕ್ಕಟೆ ಹೇಳಿದರು.

ಹೋದ ವಾರ ಅದೇ ಮನೆ ಮತ್ತೆ ಮಾರಾಟಕ್ಕೆ ಬಂದಿದೆ. ಅವೇ ಫೋಟೋ. "ಸಿಂಗಲ್ ಓನರ್, ಕ್ಲಿಯರ್ ಟೈಟಲ್" ಅಂತ ಹಾಕಿದ್ದಾರೆ. ಯಾರಾದರೂ ನೋಡಲು ಹೋದರೆ "ನಿಮ್ಮ ಅಕ್ಕ ಹೇಗಿದ್ದಾರೆ?" ಅಂತ ಒಂದು ಮಾತು ಕೇಳಿ. ಏನು ಹೇಳಿದರು ಅಂತ ನನಗೂ ತಿಳಿಸಿ, ನಮ್ಮ ಲಾಯರ್‌ಗೆ ಬೇಕು.