ಬೆಂಗಳೂರಿಂದ ಮೈಸೂರಿಗೆ ಮನೆ ಸಾಗಿಸಿದವರ ಬಗ್ಗೆ

ವಿಜಯನಗರದ ಬಾಡಿಗೆ ಮನೆ ಬಿಟ್ಟು ಮೈಸೂರಿನ ರಾಮಕೃಷ್ಣನಗರಕ್ಕೆ ಬಂದು ಮೂರು ವಾರ ಆಯ್ತು. ಸಾಮಾನು ಸಾಗಿಸಿದ ಕಂಪನಿಯ ಹೆಸರು ಬೇಡ. ಫೋನಲ್ಲಿ ಒಪ್ಪಿದ್ದು 14,000. ಲಾರಿ ಬಾಗಿಲಿಗೆ ಬಂದ ಮೇಲೆ ‘ಎರಡನೇ ಮಹಡಿ, ಲಿಫ್ಟಿಲ್ಲ’ ಅಂತ ಇನ್ನೂ 2,500 ಕಿತ್ತರು. ನೀವು ಕರೆಸೋದಾದರೆ ಮಹಡಿ ಲೆಕ್ಕವನ್ನೂ ವಾಟ್ಸಾಪಲ್ಲಿ ಬರೆಸಿಕೊಳ್ಳಿ. ಹುಡುಗರು ಮಾತ್ರ ಬಂಗಾರ. ಅಮ್ಮನ ಒರಳುಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಇಬ್ಬರೇ ಇಳಿಸಿದರು, ಉಪ್ಪಿನಕಾಯಿ ಭರಣಿ ಒಂದೂ ಬಿರುಕು ಬಿಡಲಿಲ್ಲ. ಗ್ರೈಂಡರಿನ ಮುಚ್ಚಳ ಇವತ್ತಿಗೂ ನಾಪತ್ತೆ.

ಊರು ಬಿಟ್ಟಿದ್ದು ಸರಿಯಾಯ್ತಾ? ಅಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿದ್ದೆ, ಹೊರಡುವಾಗ ಪೇಂಟಿಂಗ್ ನೆಪದಲ್ಲಿ ಒಂದು ತಿಂಗಳದ್ದು ಮುರಿದುಕೊಂಡರು. ಇಲ್ಲಿ ನನಗೆ ಬಾಡಿಗೆ ಹತ್ತಿರಹತ್ತಿರ ಅರ್ಧ. ಸಂಜೆ ಲಿಂಗಾಂಬುಧಿ ಕೆರೆಗೆ ನಡೆದೇ ಹೋಗ್ತೀನಿ. ಆದರೆ ವಾರಕ್ಕೆರಡು ದಿನ ಆಫೀಸು ಅಲ್ಲೇ. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯಲ್ಲಿ ಬಸ್ಸು ಹಾರುತ್ತೆ, ಕೆಂಗೇರಿ ದಾಟಿದರೆ ತೆವಳುತ್ತೆ. ಹಾಗಾಗಿ ಕೆಂಗೇರಿಯಲ್ಲೇ ಇಳಿದು ಮೆಟ್ರೋ ಹತ್ತುತ್ತೇನೆ. ಬೆಳಿಗ್ಗೆ ಐದಕ್ಕೆ ಏಳುವಾಗ ವಿಜಯನಗರ ನೆನಪಾಗೋದು ನಿಜ.

ಕಂಪನಿಗೆ ಮೂರು ಸ್ಟಾರ್. ಮುಚ್ಚಳ ತಂದುಕೊಟ್ಟರೆ ನಾಲ್ಕು.